ಅಚ್ಚುಮೊಳೆ ಬಂದಿಳಿದ ನಾಡು: ಗೋವಾದ ಪುಸ್ತಕ ತಾಣಗಳು

ಭಾರತದಲ್ಲಿ ಪುಸ್ತಕ ಮೊದಲು ಅಚ್ಚಾದದ್ದು ಗೋವಾದಲ್ಲಿ. 1556ರ ಸೆಪ್ಟೆಂಬರ್‌ನಲ್ಲಿ ಪೋರ್ಚುಗಲ್‌ನ ಹಡಗೊಂದು ಮುದ್ರಣ ಯಂತ್ರವನ್ನು ಇಲ್ಲಿ ತಂದಿಳಿಸಿತು. ಆ ಯಂತ್ರ ಹೊರಟಿದ್ದು ಇಥಿಯೋಪಿಯಕ್ಕೆ. ಮುಂದಿನ ಪಯಣ ಕೂಡಿಬರದೆ ಅದು ಗೋವಾದಲ್ಲೇ ಉಳಿಯಿತು, ಯೇಸುಸಭೆಯ ಪಾದ್ರಿಗಳು ಅದನ್ನು ಸಂತ ಪೌಲರ ಕಾಲೇಜಿನಲ್ಲಿ ನೆಲೆಗೊಳಿಸಿದರು. ಕನ್ನಡ ಭಾಷೆಗೆ ಅಚ್ಚಿನ ಭಾಗ್ಯ ಒದಗಿದ್ದು ಸೆರಾಂಪುರದಲ್ಲಿ, ವಿಲಿಯಂ ಕೇರಿಯ ವ್ಯಾಕರಣ 1817ರಲ್ಲಿ ಹೊರಬಂದಾಗ. ಇವೆರಡರ ನಡುವೆ 261 ವರ್ಷಗಳ ಅಂತರವಿದೆ.

ಹಳೆ ಗೋವಾದಲ್ಲಿ ಆ ಕಾಲೇಜಿನ ಒಂದು ಬಾಗಿಲು ಮಾತ್ರ ಈಗ ನಿಂತಿದೆ. ಕೆಂಪು ಜಂಬಿಟ್ಟಿಗೆಯ ಗೋಡೆ, ಅದರಲ್ಲಿ ಕಪ್ಪುಕಲ್ಲಿನ ಕಂಬಗಳು, ನಡುವೆ ಕಮಾನು. ಕಮಾನಿನ ಹಿಂದೆ ಕಟ್ಟಡವೇ ಇಲ್ಲ. ಊರಿನ ಬೆಸಿಲಿಕಾ ಚರ್ಚ್ ನೋಡಲು ಬರುವ ಸಾವಿರಾರು ಜನರಲ್ಲಿ ಇತ್ತ ತಿರುಗುವವರು ಕಡಿಮೆ. ಪುಸ್ತಕ ಪ್ರೀತಿಸುವವರಿಗೆ ಮಾತ್ರ ಗೋವಾ ಶುರುವಾಗುವುದೇ ಈ ಬಾಗಿಲಿನಿಂದ.

ಆರಂಭದ ಮುದ್ರಣಗಳಲ್ಲಿ ಹೆಚ್ಚಿನವು ಕ್ರೈಸ್ತ ಧರ್ಮಬೋಧೆಯ ಪುಸ್ತಕಗಳು. ಅವುಗಳ ನಡುವೆ 1563ರಲ್ಲಿ ಬಂದ ಒಂದು ಗ್ರಂಥ ಬೇರೆಯದೇ ಜಾತಿಯದು. ವೈದ್ಯ ಗಾರ್ಸಿಯಾ ದ ಓರ್ಟಾ ಭಾರತದ ಔಷಧ ಸಸ್ಯಗಳನ್ನೂ ಸಾಂಬಾರ ಪದಾರ್ಥಗಳನ್ನೂ ಕುರಿತು ಸಂವಾದದ ರೂಪದಲ್ಲಿ ಬರೆದ ಕೃತಿ ಅದು. ಮುಂದೆ ಪೋರ್ಚುಗಲ್‌ನ ಮಹಾಕವಿಯೆಂದು ಹೆಸರಾದ ಲೂಯಿಸ್ ದ ಕಮೋಯಿಶ್ ಆಗ ಪೂರ್ವದ ಕಡಲ ನಾಡುಗಳಲ್ಲಿದ್ದ. ಅವನ ಕವಿತೆ ಮೊದಲು ಅಚ್ಚು ಕಂಡಿದ್ದು ಓರ್ಟಾನ ಈ ವೈದ್ಯಗ್ರಂಥದಲ್ಲೇ. ಆದರೆ ಓರ್ಟಾ ಯಹೂದಿ ಮೂಲದವನು. 1568ರಲ್ಲಿ ಅವನು ತೀರಿಕೊಂಡ ಮೇಲೆ, 1580ರಲ್ಲಿ ಧರ್ಮದ್ರೋಹವನ್ನು ವಿಚಾರಿಸುವ ಇನ್‌ಕ್ವಿಸಿಷನ್ ನ್ಯಾಯಮಂಡಳಿ ಅವನ ಅಸ್ಥಿಯನ್ನು ಗೋರಿಯಿಂದ ತೆಗೆಸಿ ಸುಡಿಸಿತು.

ಹಳೆ ಗೋವಾದಿಂದ ದಕ್ಷಿಣಕ್ಕೆ, ಮಡಗಾಂವ ಸಮೀಪದ ರಾಶೋಲ್‌ನಲ್ಲಿ ಜುವಾರಿ ನದಿಯ ಬಳಿ ಹಳೆಯ ಸೆಮಿನರಿಯಿದೆ. ಗೋವಾದ ದೇಶೀಯ ಸಾಹಿತ್ಯಕ್ಕೆ ಅಚ್ಚು ಹಾಕಿದ ನೆಲ ಇದು. 1579ರಲ್ಲಿ ಗೋವಾಕ್ಕೆ ಬಂದ ಇಂಗ್ಲೆಂಡಿನ ಪಾದ್ರಿ ಥಾಮಸ್ ಸ್ಟೀಫನ್ಸ್ ಇಲ್ಲಿನ ಭಾಷೆಗೆ ಮನಸೋತು, ಮರಾಠಿಯ ಓವಿ ಛಂದಸ್ಸಿನಲ್ಲಿ, ಕೊಂಕಣಿಯ ಬಳಕೆ ಬೆರೆಸಿ, ಕ್ರಿಸ್ತನ ಕಥೆಯನ್ನು ಪುರಾಣವಾಗಿ ಬರೆದ. ಹತ್ತು ಸಾವಿರಕ್ಕೂ ಮಿಕ್ಕಿದ ಪದ್ಯಗಳ ಆ ‘ಕ್ರಿಸ್ತಪುರಾಣ’ 1616ರಲ್ಲಿ ಅಚ್ಚಾಯಿತು. ದೇವನಾಗರಿ ಅಚ್ಚುಮೊಳೆ ಇಲ್ಲದ್ದರಿಂದ ರೋಮನ್ ಅಕ್ಷರಗಳಲ್ಲೇ ಅದನ್ನು ಜೋಡಿಸಲಾಯಿತು. ಅವನ ಕೊಂಕಣಿ ಧರ್ಮಬೋಧೆ 1622ರಲ್ಲೂ ಕೊಂಕಣಿ ವ್ಯಾಕರಣ 1640ರಲ್ಲೂ ರಾಶೋಲ್‌ನಿಂದಲೇ ಹೊರಬಂದವು. ಈ ಪುಸ್ತಕಗಳ ಹೆಸರಿನಲ್ಲಿ ಬರುವ ‘ಕನಾರಿಂ’ ಎಂಬ ಶಬ್ದ ಕನ್ನಡ ಓದುಗರನ್ನು ದಾರಿ ತಪ್ಪಿಸಬಹುದು. ಪೋರ್ಚುಗೀಸರು ಹಾಗೆ ಕರೆದದ್ದು ಗೋವಾದ ಕೊಂಕಣಿಯನ್ನು.

ಕ್ರಿಸ್ತಪುರಾಣದ ಮುಂದಿನ ಕಥೆ ಕರ್ನಾಟಕಕ್ಕೆ ಬರುತ್ತದೆ. 17ನೇ ಶತಮಾನದಲ್ಲಿ ಮೂರು ಸಲ ಅಚ್ಚಾಗಿದ್ದರೂ ಆ ಮುದ್ರಣಗಳ ಒಂದು ಪ್ರತಿಯೂ ಈಗ ದೊರೆಯುವುದಿಲ್ಲ. 1684ರಲ್ಲಿ ಪೋರ್ಚುಗೀಸ್ ಸರ್ಕಾರ ದೇಶಭಾಷೆಯ ಬಳಕೆಯ ಮೇಲೆಯೇ ನಿರ್ಬಂಧ ಹೇರಿತು. ಗೋವಾ ಬಿಟ್ಟು ದಕ್ಷಿಣ ಕನ್ನಡದಲ್ಲಿ ನೆಲೆಸಿದ ಕ್ರೈಸ್ತ ಮನೆತನಗಳು ಮಾತ್ರ ಪುರಾಣದ ಕೈಬರಹದ ಪ್ರತಿಗಳನ್ನು ಕಾಪಾಡಿಕೊಂಡು ಬಂದವು. ಅವುಗಳ ಆಧಾರದಿಂದ ಜೋಸೆಫ್ ಸಲ್ಡಾನಾ ಅದನ್ನು ಸಂಪಾದಿಸಿ 1907ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದರು. ರಾಶೋಲ್‌ನಲ್ಲಿ ಹುಟ್ಟಿದ ಪುಸ್ತಕ ಹೀಗೆ ಮಂಗಳೂರಿನಲ್ಲಿ ಮರುಜನ್ಮ ಪಡೆಯಿತು.

ಗೋವಾದಲ್ಲಿ ನಿಂತುಹೋಗಿದ್ದ ಮುದ್ರಣ ಮತ್ತೆ ಆರಂಭವಾದದ್ದು 1821ರಲ್ಲಿ, ಸರ್ಕಾರಿ ಪತ್ರಿಕೆಯೊಂದಿಗೆ. ಹನ್ನೊಂದು ವರ್ಷಗಳ ನಂತರ, 1832ರಲ್ಲಿ, ಪಣಜಿಯಲ್ಲಿ ಸಾರ್ವಜನಿಕ ಗ್ರಂಥಾಲಯ ತೆರೆಯಿತು. ಅದೇ ದಶಕದಲ್ಲಿ ಕ್ರೈಸ್ತ ಮಠಗಳನ್ನು ಮುಚ್ಚಿದಾಗ ಅವುಗಳ ಪುಸ್ತಕಗಳೂ ಇಲ್ಲಿಗೆ ಬಂದವು. ಈಗ ಪಾಟೊ ಬಡಾವಣೆಯ ದೊಡ್ಡ ಕಟ್ಟಡದಲ್ಲಿರುವ ಆ ಸಂಸ್ಥೆಗೆ 16ನೇ ಶತಮಾನದ ಕವಿ ಕೃಷ್ಣದಾಸ ಶಾಮಾ ಹೆಸರಿದೆ. ಆದರೆ ಅದೇ ಶತಮಾನದಲ್ಲಿ ಪಾದ್ರಿಗಳು ಬರೆಸಿಕೊಂಡ ರಾಮಾಯಣ, ಮಹಾಭಾರತಗಳ ಕೊಂಕಣಿ ಕಥೆಗಳ ಹಸ್ತಪ್ರತಿಗಳು ಉಳಿದಿರುವುದು ದೂರದ ಪೋರ್ಚುಗಲ್‌ನ ಬ್ರಾಗಾ ನಗರದಲ್ಲಿ.

ಪಣಜಿಯಲ್ಲೇ ಇರುವ ಮೆನೆಜಿಸ್ ಬ್ರಗಾಂಜಾ ಸಂಸ್ಥೆ 1871ರಲ್ಲಿ ವಾಸ್ಕೊ ಡ ಗಾಮನ ಹೆಸರಿನಲ್ಲಿ ಹುಟ್ಟಿದ್ದು. ಅದರ ಪ್ರವೇಶದ ಹಜಾರದಲ್ಲಿ ನಿಂತವರ ಸುತ್ತ ಒಂದು ಕಾವ್ಯವೇ ಗೋಡೆಯೇರಿ ನಿಂತಿರುತ್ತದೆ. ಬಿಳಿ ಟೈಲ್ಸಿನ ಮೇಲೆ ನೀಲಿ ಬಣ್ಣದಲ್ಲಿ ಹಡಗು, ಕಡಲು, ಯೋಧರು. ಬಿಲ್ಲೆಗೆ ಬಿಲ್ಲೆ ಕೂಡಿ ದೃಶ್ಯವಾಗುವ ಈ ಚಿತ್ರಗಳನ್ನು ಜೋರ್ಜ್ ಕೊಲಾಸೊ 1935ರಲ್ಲಿ ರಚಿಸಿದರು. ಕಮೋಯಿಶ್ 1572ರಲ್ಲಿ ಪ್ರಕಟಿಸಿದ ಮಹಾಕಾವ್ಯ ‘ಉಶ್ ಲುಸೀಯದಶ್’ನ ಪ್ರಸಂಗಗಳಿವು. ಹಳೆ ಗೋವಾದ ಬಯಲಿನಲ್ಲಿದ್ದ ಕವಿಯ ಕಂಚಿನ ಪ್ರತಿಮೆಯನ್ನು ಈಗ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ.

ಮಾಂಡೋವಿ ದಡದ ಹಳೆಯ ಸಚಿವಾಲಯದ ಪಕ್ಕದಲ್ಲಿ ಇನ್ನೊಂದು ಪ್ರತಿಮೆಯಿದೆ. ಹೆಂಗಸೊಬ್ಬಳ ಮೇಲೆ ಕೈಚಾಚಿ ನಿಂತ ಆ ಪಾದ್ರಿ, 1756ರಲ್ಲಿ ಕಾಂದೋಳಿಯಲ್ಲಿ ಹುಟ್ಟಿದ ಅಬೆ ಫಾರಿಯಾ. ಪ್ಯಾರಿಸ್‌ನಲ್ಲಿ ಸಮ್ಮೋಹನ ವಿದ್ಯೆಗೆ ಹೆಸರಾದ ಈತನ ಹೆಸರನ್ನೇ ಅಲೆಕ್ಸಾಂಡರ್ ದ್ಯೂಮಾ ‘ದಿ ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ಕಾದಂಬರಿಯ ಸೆರೆಮನೆಯ ಪಾದ್ರಿಗೆ ಇಟ್ಟ.

ಪುಸ್ತಕದಂಗಡಿಗಳ ಸುತ್ತಾಟಕ್ಕೆ ಪಣಜಿಯ ಚರ್ಚ್ ಚೌಕವೇ ಒಳ್ಳೆಯ ಆರಂಭ. ಅಲ್ಲಿನ ಉದ್ಯಾನಕ್ಕೆ ಗಾರ್ಸಿಯಾ ದ ಓರ್ಟಾನ ಹೆಸರಿದೆ, ಬಳಿಯಲ್ಲೇ ಹಳೆಯ ಸಿಂಗಬಾಳ್ ಬುಕ್ ಹೌಸ್ ಇದೆ. ವಿಸ್ತಾರದ ಸಂಗ್ರಹಕ್ಕೆ ಬ್ರಾಡ್‌ವೇ ಹೆಸರುವಾಸಿ. ಉತ್ತರಕ್ಕೆ ಹೋದರೆ ಮಾಪ್ಸಾದಲ್ಲಿ ಹುಟ್ಟಿದ ಅದರ್ ಇಂಡಿಯಾ ಬುಕ್‌ಸ್ಟೋರ್ ಪರಿಸರ, ಕೃಷಿ, ಬದಲಿ ಶಿಕ್ಷಣ ಕುರಿತ ಪುಸ್ತಕಗಳಿಗೂ ಏಷ್ಯಾ, ಆಫ್ರಿಕಾಗಳ ಬರಹಕ್ಕೂ ಮೀಸಲಾಗಿ ಹೆಸರು ಮಾಡಿತು. ಕಲಂಗುಟ್‌ನ ಹಳೆಯ ಮನೆಯೊಂದರಲ್ಲಿ 2005ರಲ್ಲಿ ಆರಂಭವಾದ ಲಿಟರಾಟಿ ಅಂಗಡಿಯೂ ಹೌದು, ಓದು-ಮಾತುಕತೆಗಳ ಕೂಟವೂ ಹೌದು.

ಗೋವಾದ ಸ್ಥಳೀಯ ಪುಸ್ತಕಗಳನ್ನು ನೋಡುವಾಗ ಭಾಷೆಗಿಂತ ಮೊದಲು ಲಿಪಿಯನ್ನು ಗಮನಿಸಬೇಕು. ದೇವನಾಗರಿಯಲ್ಲಿ ಮರಾಠಿಯೂ ಕೊಂಕಣಿಯೂ ಇವೆ. ರೋಮನ್ ಲಿಪಿಯಲ್ಲಿ ಇಂಗ್ಲಿಷ್, ಪೋರ್ಚುಗೀಸ್‌ಗಳ ಜೊತೆ ಮತ್ತೆ ಕೊಂಕಣಿಯೇ ಇದೆ. ಅದೇ ಕೊಂಕಣಿಯನ್ನು ಮಂಗಳೂರಿನವರು ಕನ್ನಡ ಲಿಪಿಯಲ್ಲಿ ಓದುತ್ತಾರೆ. ಒಂದೇ ಭಾಷೆಯ ಇಬ್ಬರು ಓದುಗರು ಪರಸ್ಪರರ ಪುಸ್ತಕ ಓದಲಾರದ ಕಷ್ಟ ಇದರಿಂದ ಹುಟ್ಟಿದೆ. ಕೊಂಕಣಿ 1987ರಲ್ಲಿ ಗೋವಾದ ಅಧಿಕೃತ ಭಾಷೆಯಾಯಿತು, 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದ ಸೇರಿತು.

ಈ ಭಾಷೆಗೆ ಎರಡು ಜ್ಞಾನಪೀಠಗಳು ಸಂದಿವೆ. 2006ನೇ ಸಾಲಿನದು ಪ್ರಿಯೋಳದ ರವೀಂದ್ರ ಕೇಳೇಕರ್ ಅವರಿಗೆ, 2022ನೇ ಸಾಲಿನದು ಮಜೋರ್ಡಾದ ದಾಮೋದರ ಮಾವ್ಜೊ ಅವರಿಗೆ. ಮಾವ್ಜೊ ತಮ್ಮ ಹಳ್ಳಿಯಲ್ಲಿ ಅಂಗಡಿ ನಡೆಸುತ್ತಲೇ ಕಥೆ ಬರೆದವರು. ಅವರ ‘ಕಾರ್ಮೆಲಿನ್’ ಕೊಲ್ಲಿ ನಾಡಿಗೆ ಮನೆಗೆಲಸಕ್ಕೆ ಹೋದ ಗೋವಾದ ಹೆಣ್ಣಿನ ಕಥೆ. ಅದಕ್ಕೆ 1983ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಿಂದೆ ಆಳುವವರು ಆಡಬೇಡಿ ಎಂದಿದ್ದ ಭಾಷೆಯ ಈ ಕಾದಂಬರಿ ಈಗ ಹಲವು ಭಾಷೆಗಳ ಓದುಗರ ಕೈಯಲ್ಲಿದೆ.