ಮೊದಲು ಸೂಜಿ, ಆಮೇಲೆ ಗುಳಿಗೆ

ಬೀದರ, ಕಲಬುರಗಿ ಕಡೆಯವರಿಗೆ ದೊಡ್ಡ ದವಾಖಾನೆ ಎಂದರೆ ಇವತ್ತಿಗೂ ಬೆಂಗಳೂರಲ್ಲ, ಹೈದರಾಬಾದು. ಮೊಣಕಾಲು ಸವೆದ ಹಿರಿಯರು ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು ದಾಟಿ ಅಲ್ಲಿಗೆ ಹೋಗಿ ಕೀಲು ಬದಲಿಸಿಕೊಂಡು, ವಾಕರ್ ಹಿಡಿದು ಊರಿಗೆ ಮರಳುತ್ತಾರೆ. ಬಹುತೇಕರ ಕಥೆ ಅಲ್ಲಿಗೆ ಸುಖವಾಗಿ ಮುಗಿಯುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ಮಾತ್ರ ಹೊಸ ಕೀಲಿನೊಳಗೆ ಸೋಂಕು ಹತ್ತುತ್ತದೆ. ಮೊಣಕಾಲು ಬಿಸಿಯಾಗಿ ಬಾತುಕೊಳ್ಳುತ್ತದೆ, ಒಣಗಿದ ಗಾಯ ಮತ್ತೆ ಒಸರುತ್ತದೆ. ಕೆಲವರಿಗೆ ಇದ್ಯಾವುದೂ ಇಲ್ಲ. ತಿಂಗಳುಗಟ್ಟಲೆ ಬರೀ ನೋವು. ಹೈದರಾಬಾದು ದೂರ, ಔಷಧದ ಅಂಗಡಿ ಹತ್ತಿರ. ಐದು ದಿನದ ಆಂಟಿಬಯಾಟಿಕ್ ನುಂಗಿದರೆ ಊತ ಇಳಿಯುತ್ತದೆ. ಪ್ರಕರಣ ಕೆಡುವುದು ಆ ಐದು ದಿನಗಳಲ್ಲೇ.

ಏಕೆಂದರೆ ಕೃತಕ ಕೀಲು ಲೋಹ ಮತ್ತು ಪ್ಲಾಸ್ಟಿಕ್. ಅದರಲ್ಲಿ ರಕ್ತ ಹರಿಯುವುದಿಲ್ಲ. ರಕ್ತ ಇಲ್ಲದ ಕಡೆ ದೇಹದ ಕಾವಲುಗಾರ ಕಣಗಳಿಗೂ ಬಲವಿಲ್ಲ. 1957ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಲೆಕ್ ಮತ್ತು ಕಾನೆನ್ ಎಂಬ ಸಂಶೋಧಕರು ಸ್ವಯಂಸೇವಕರ ಚರ್ಮಕ್ಕೆ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಚುಚ್ಚಿ ನೋಡಿದ್ದರು (ಇಂದಿನ ನೈತಿಕ ಸಮಿತಿಗಳು ಇದಕ್ಕೆ ಒಪ್ಪುವುದು ಅನುಮಾನ). ಕೀವಾಗಲು ಲಕ್ಷಾಂತರ ಬ್ಯಾಕ್ಟೀರಿಯಾಗಳು ಬೇಕಾದವು. ಅದೇ ಜಾಗದಲ್ಲಿ ಒಂದು ರೇಷ್ಮೆ ಹೊಲಿಗೆ ಇದ್ದರೆ ಕೆಲವು ನೂರು ಸಾಕಾದವು. ಒಂದು ಎಳೆ ದಾರದ ಕಥೆ ಇದಾದರೆ, ಇಡೀ ಮೊಣಕಾಲಿನ ಗಾತ್ರದ ಕೀಲಿನದು ಏನಿರಬೇಕು!

ಲೋಹಕ್ಕೆ ಅಂಟಿದ ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಲೋಳೆ ಸುರಿಸಿಕೊಂಡು ಬಯೋಫಿಲ್ಮ್ ಎಂಬ ಪದರ ಕಟ್ಟಿಕೊಳ್ಳುತ್ತವೆ. ಕಲ್ಯಾಣಿಯ ಮೆಟ್ಟಿಲಿಗೆ ಹತ್ತಿದ ಪಾಚಿಯ ಹಾಗೆ, ಮೇಲೆ ನೀರು ಸುರಿದರೆ ಹೋಗದು, ಕೆರೆದೇ ತೆಗೆಯಬೇಕು. ಪದರದ ಆಳದಲ್ಲಿರುವ ಕೋಶಗಳು ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತವೆ. ಹೆಚ್ಚಿನ ಆಂಟಿಬಯಾಟಿಕ್‌ಗಳು ಕೊಲ್ಲುವುದು ಬೆಳೆಯುತ್ತ, ಒಡೆದು ಎರಡಾಗುತ್ತಿರುವ ಕೋಶಗಳನ್ನು. ಮಲಗಿದವು ಉಳಿದುಕೊಂಡು, ಗುಳಿಗೆ ನಿಂತ ಮೇಲೆ ಏಳುತ್ತವೆ. ಊತ ಇಳಿದದ್ದು ನಿಜ, ಸೋಂಕು ಹೋದದ್ದು ಸುಳ್ಳು.

ಆ ಐದು ದಿನದ ಗುಳಿಗೆ ಇನ್ನೊಂದು ಅನಾಹುತವನ್ನೂ ಮಾಡಿರುತ್ತದೆ. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧ ನಾಟುತ್ತದೆ ಎಂದು ತಿಳಿಯಲು ಕೀಲಿನೊಳಕ್ಕೆ ಸೂಜಿ ಹಾಕಿ ನೀರು ತೆಗೆದು, ಅದರಲ್ಲಿನ ಬಿಳಿ ರಕ್ತಕಣ ಎಣಿಸಿ, ಉಳಿದದ್ದನ್ನು ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ಗೆ ಇಡಬೇಕು. ಆಗಲೇ ಆಂಟಿಬಯಾಟಿಕ್ ಹೊಟ್ಟೆಗೆ ಹೋಗಿದ್ದರೆ ಕಲ್ಚರ್ ತಟ್ಟೆಯಲ್ಲಿ ಏನೂ ಬೆಳೆಯದಿರಬಹುದು. ಜ್ವರ ಏರಿ ರೋಗಿಯ ಜೀವಕ್ಕೆ ಅಪಾಯ ಬಂದಿಲ್ಲದಿದ್ದರೆ, ಪರಿಣತರು ಗುಳಿಗೆ ನಿಲ್ಲಿಸಿ ಸುಮಾರು ಎರಡು ವಾರ ಕಾದು ಆಮೇಲೆ ಸೂಜಿ ಹಾಕುತ್ತಾರೆ. ಮೆಲ್ಲಗೆ ಬೆಳೆಯುವ ಬ್ಯಾಕ್ಟೀರಿಯಾಗಳಿಗಾಗಿ ಮಾದರಿಯನ್ನು 14 ದಿನ ಇಟ್ಟು ನೋಡುವುದೂ ಉಂಟು. ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಸಂಶಯ ಹುಟ್ಟಿಸುತ್ತದೆ, ಅಷ್ಟೇ. ಅಪರಾಧಿಯ ಹೆಸರು ಹೇಳುವುದಿಲ್ಲ. ಹಾಗಾಗಿ ಕೀಲು ಬದಲಿಸಿಕೊಂಡವರ ಮೊಣಕಾಲು ಕೆಂಪಾದರೆ ಮೊದಲ ಫೋನು ಆಪರೇಶನ್ ಮಾಡಿದ ವೈದ್ಯರಿಗೆ ಹೋಗಬೇಕು, ಅಂಗಡಿಗಲ್ಲ.

ಬೇಗ ಹೋದವರಿಗೆ ಲಾಭ ದೊಡ್ಡದು. ಆಪರೇಶನ್ ಆಗಿ ಮೂರು-ನಾಲ್ಕು ವಾರದೊಳಗೆ, ಪದರ ಇನ್ನೂ ಎಳೆಯದಾಗಿರುವಾಗ, ಕೀಲು ತೆರೆದು ಕೊಳೆತ ಅಂಗಾಂಶ ಕತ್ತರಿಸಿ, ಲೀಟರುಗಟ್ಟಲೆ ನೀರಿನಿಂದ ತೊಳೆದು, ನಡುವಿನ ಪ್ಲಾಸ್ಟಿಕ್ ತಟ್ಟೆ ಮಾತ್ರ ಬದಲಿಸಿದರೆ ಲೋಹದ ಭಾಗಗಳು ಉಳಿಯಬಹುದು. ತಡವಾದರೆ ಆ ದಾರಿ ಮುಚ್ಚುತ್ತದೆ.

ಆಗ ಸಾಮಾನ್ಯವಾಗಿ ಉಳಿಯುವುದು ಎರಡು ಹಂತದ ಚಿಕಿತ್ಸೆ. ನ್ಯೂಯಾರ್ಕಿನ ಜಾನ್ ಇನ್ಸಾಲ್ ಮತ್ತು ಸಂಗಡಿಗರು 1983ರಲ್ಲಿ ಇದನ್ನು ವಿವರಿಸಿದರು. ಮೊದಲ ಹಂತದಲ್ಲಿ ಕೃತಕ ಕೀಲನ್ನು ಪೂರ್ತಿ ಕಿತ್ತು, ಖಾಲಿ ಜಾಗಕ್ಕೆ ಆಂಟಿಬಯಾಟಿಕ್ ಬೆರೆಸಿದ ಮೂಳೆ ಸಿಮೆಂಟಿನ ತುಂಡನ್ನು ಇಡುತ್ತಾರೆ. ಸಿಮೆಂಟಿಗೆ ಔಷಧ ಬೆರೆಸುವ ಉಪಾಯ ಜರ್ಮನಿಯ ಹ್ಯಾಂಬರ್ಗಿನ ಬುಖೋಲ್ಟ್ಸ್ ಅವರದು, 1970ರ ಸುಮಾರಿನದು. ಎಲ್ಲ ಔಷಧವೂ ಇದಕ್ಕೆ ಒಗ್ಗದು. ಸಿಮೆಂಟು ಗಟ್ಟಿಯಾಗುವಾಗ ವಿಪರೀತ ಬಿಸಿಯಾಗುತ್ತದೆ. ಆ ಕಾವು ತಡೆಯುವ ಜೆಂಟಾಮೈಸಿನ್, ವ್ಯಾಂಕೊಮೈಸಿನ್‌ನಂಥವೇ ಬೇಕು. ರಕ್ತನಾಳಕ್ಕೆ ಚುಚ್ಚಿ ಮುಟ್ಟಿಸಲಾಗದ ಪ್ರಮಾಣದ ಔಷಧ ಹೀಗೆ ನೇರ ಕೀಲಿನೊಳಗೇ ಜಿನುಗುತ್ತದೆ. ಜತೆಗೆ ಸುಮಾರು ಆರು ವಾರ ಇಂಜೆಕ್ಷನ್ನೋ ಗುಳಿಗೆಯೋ. ಇಷ್ಟು ದಿನ ಡ್ರಿಪ್ ಹಾಕಿಸಿಕೊಳ್ಳುತ್ತ ಪರವೂರಿನಲ್ಲಿ ಕೋಣೆ ಹಿಡಿಯಬೇಕೇ? 1,054 ರೋಗಿಗಳ ಬ್ರಿಟನ್ನಿನ ಒಂದು ಅಧ್ಯಯನ 2019ರಲ್ಲಿ ತೋರಿಸಿತು: ಮೂಳೆ-ಕೀಲುಗಳ ಸೋಂಕಿನಲ್ಲಿ, ಸರಿಯಾದ ಔಷಧ ಆರಿಸಿದ್ದರೆ ಗುಳಿಗೆ ಇಂಜೆಕ್ಷನ್ನಿಗೆ ಕಡಿಮೆಯೇನಲ್ಲ. ದೂರದಿಂದ ಬರುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಈಚೆಗೆ ಬಂದಿಲ್ಲ ಅನ್ನಿಸುತ್ತದೆ.

ಪದರದೊಳಗೆ ಮಲಗಿದ ಸ್ಟೆಫೈಲೊಕಾಕಸ್ಸನ್ನೂ ತಲುಪುವ ಅಪರೂಪದ ಔಷಧ ರಿಫಾಂಪಿಸಿನ್. ನಮಗೆ ಕ್ಷಯದ ಔಷಧವೆಂದೇ ಪರಿಚಿತ, ಮೂತ್ರವನ್ನು ಕಿತ್ತಳೆ ಬಣ್ಣ ಮಾಡುವಂಥದ್ದು. 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ವಿಟ್ಜರ್ಲೆಂಡಿನ ತ್ಸಿಮ್ಮರ್ಲಿ ತಂಡ, ಲೋಹ ತೆಗೆಯದೆ ಉಳಿಸಿಕೊಂಡ ರೋಗಿಗಳಿಗೆ ಇದನ್ನು ಸಿಪ್ರೊಫ್ಲಾಕ್ಸಸಿನ್ ಜತೆ ಕೊಟ್ಟಿತು. ಚಿಕಿತ್ಸೆ ಪೂರ್ಣಗೊಳಿಸಿದ 12 ಜನರಲ್ಲಿ 12 ಜನವೂ ಗುಣವಾದರು. ಬರೀ ಸಿಪ್ರೊ ನುಂಗಿದ 12ರಲ್ಲಿ 7 ಮಂದಿ. ರಿಫಾಂಪಿಸಿನ್ ಒಂದನ್ನೇ ಕೊಟ್ಟರೆ ಬ್ಯಾಕ್ಟೀರಿಯಾ ಬಲುಬೇಗ ಅದಕ್ಕೆ ಪಳಗಿಬಿಡುತ್ತದೆ, ಅದಕ್ಕೇ ಜೊತೆಗಾರ ಔಷಧ ಬೇಕು. ನಮ್ಮಲ್ಲಿ ಇನ್ನೊಂದು ಎಚ್ಚರವೂ ಬೇಕು: ರೋಗಿಗೆ ಗೊತ್ತಾಗದಂತೆ ಕ್ಷಯವಿದ್ದರೆ, ಕೀಲಿಗೆಂದು ಕೊಟ್ಟ ಈ ಔಷಧ ಆ ರೋಗಾಣುವಿಗೂ ನಿರೋಧ ಕಲಿಸಬಹುದು. ಕೀಲಿನ ಸೋಂಕೇ ಕ್ಷಯವಾಗಿರುವುದೂ ಅಪರೂಪಕ್ಕೆ ಉಂಟು.

ಜೊತೆಗಾರ ಸಿಪ್ರೊನ ಕಥೆ ಹೈದರಾಬಾದಿಗೇ ಬಂದು ನಿಲ್ಲುತ್ತದೆ. ಸ್ವೀಡನ್ನಿನ ಯೋಕಿಮ್ ಲಾರ್ಸನ್ ತಂಡ, 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ನಗರದಂಚಿನ ಪಟಾನ್‌ಚೆರುವಿನ ತ್ಯಾಜ್ಯ ಶುದ್ಧೀಕರಣ ಘಟಕದ ನೀರು ಪರೀಕ್ಷಿಸಿತು. ಸುಮಾರು 90 ಔಷಧ ತಯಾರಕರ ಕೊಳೆನೀರು ಸೇರುತ್ತಿದ್ದ ಘಟಕ ಅದು. ಶುದ್ಧೀಕರಿಸಿ ಹೊರಬಿಟ್ಟ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಸಿಕ್ಕಿತು. ಯಾರದೋ ಮೊಣಕಾಲಿನ ನಿರೋಧಕ ಬ್ಯಾಕ್ಟೀರಿಯಾ ಅಲ್ಲಿಂದಲೇ ಬಂತು ಎನ್ನಲಾಗದು. ಬೇಕಾಬಿಟ್ಟಿ ನುಂಗುವ ಗುಳಿಗೆಗಳ ಪಾಲೂ ಇದೆ. ಆದರೆ ಜಗತ್ತಿಗೆ ಅಗ್ಗದ ಔಷಧ ಕೊಡುವ ಈ ಬಯಲೇ ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಾಗಳನ್ನೂ ಬೆಳೆಸುತ್ತಿದೆಯೆಂಬ ಆತಂಕ ಸುಳ್ಳಲ್ಲ. ಇಂದು ಸಿಪ್ರೊಗೆ ಬಗ್ಗದ ಸ್ಟೆಫೈಲೊಕಾಕಸ್ ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯ. ಕಲ್ಚರ್ ವರದಿ ನೋಡದೆ ಜೊತೆಗಾರ ಔಷಧ ಆರಿಸುವಂತಿಲ್ಲ.

ಎರಡನೇ ಹಂತ ಸಾಮಾನ್ಯವಾಗಿ ಎರಡು-ಮೂರು ತಿಂಗಳ ಮೇಲೆ. ಗಾಯ ಒಣಗಿದೆಯೇ, ಸಿಆರ್‌ಪಿ ಇಳಿದಿದೆಯೇ, ಸಕ್ಕರೆ ಹತೋಟಿಯಲ್ಲಿದೆಯೇ ಎಂದು ನೋಡಿ ಸಿಮೆಂಟು ತೆಗೆದು ಹೊಸ ಕೀಲು ಕೂರಿಸುತ್ತಾರೆ. ಸೋಂಕು ಪೂರ್ತಿ ಹೋಗಿದೆ ಎಂದು ಖಚಿತವಾಗಿ ಹೇಳುವ ಒಂದೇ ಒಂದು ಪರೀಕ್ಷೆ ಇನ್ನೂ ಬಂದಿಲ್ಲ. ಅದಕ್ಕೇ ಆ ದಿನವೂ ಮೂಳೆಯ ಸುತ್ತಿನಿಂದ ನಾಲ್ಕೈದು ಮಾದರಿ ಎತ್ತಿ ಕಲ್ಚರ್‌ಗೆ ಕಳಿಸುತ್ತಾರೆ. ಅದರ ವರದಿ ಕೈಗೆ ಬರುವ ಹೊತ್ತಿಗೆ ಹೊಸ ಕೀಲಿನ ಮೇಲೆ ರೋಗಿ ನಡೆಯಲು ಶುರುಮಾಡಿರುತ್ತಾರೆ.