ಡೈ ಮೇಲಿನ ಗೀರು: ಸವೆತವೋ, ಅಂಟೋ?

ಪೀಣ್ಯದ ಒಳರಸ್ತೆಗಳ ಶೆಡ್‌ಗಳಲ್ಲಿ ಬಗ್ಗುವ ಪೈಪುಗಳಿಗೆ ಲೆಕ್ಕವಿಲ್ಲ. ಮೆಟ್ಟಿಲ ರೇಲಿಂಗ್, ಆಸ್ಪತ್ರೆ ಮಂಚ, ಡೇರಿ ಯಂತ್ರದ ಕೊಳವೆ, ಎಲ್ಲವೂ ಅದೇ ಸಾಲಿನವು. ಬಗ್ಗಿ ಬಂದ ಸ್ಟೇನ್‌ಲೆಸ್ ಪೈಪಿನ ಒಳಬಾಗಿನಲ್ಲಿ ಉದ್ದ ಗೀರು ಕಂಡರೆ ಅಲ್ಲಿ ಕೇಳಿಬರುವ ಮೊದಲ ಮಾತು, ‘ಡೈ ಮೆತ್ತಗಿದೆ, ಹಾರ್ಡನಿಂಗ್ ಸರಿಯಾಗಿಲ್ಲ’ ಎಂಬುದು. ಪೈಪ್ ಬಗ್ಗಿಸುವ ಅಚ್ಚಾದ ಡೈ ಮತ್ತೆ ಹೀಟ್ ಟ್ರೀಟ್‌ಮೆಂಟ್‌ಗೆ ಹೋಗುತ್ತದೆ, ಇಲ್ಲವೇ ಹಾರ್ಡ್ ಕ್ರೋಮ್ ಹಾಕಿಸಿಕೊಂಡು ಬರುತ್ತದೆ. ಆದರೂ ಗೀರು ಅದೇ ಜಾಗದಲ್ಲಿ ಮತ್ತೆ ಮೂಡುತ್ತದೆ.

ಗಡಸಾದಷ್ಟೂ ಬಾಳಿಕೆ ಎಂಬ ನಂಬಿಕೆಗೆ ಬುಡವಿಲ್ಲ ಎನ್ನಲಾಗದು. ಬೀಳುವ ಭಾರ ಮತ್ತು ಜಾರುವ ದೂರ ಹೆಚ್ಚಿದಂತೆ ಸವೆತ ಹೆಚ್ಚುತ್ತದೆ, ಗಡಸುತನ ಹೆಚ್ಚಿದಂತೆ ತಗ್ಗುತ್ತದೆ ಎಂದು ಬ್ರಿಟನ್ನಿನ ಆರ್ಚರ್ಡ್ 1953ರಲ್ಲೇ ಸೂತ್ರ ಕೊಟ್ಟಿದ್ದರು. ಬೆಂಗಳೂರಿನ ಟೂಲ್ ರೂಮ್ ಪರಂಪರೆಯೂ ಇದಕ್ಕೆ ಒಗ್ಗುತ್ತದೆ. ರಾಜಾಜಿನಗರದಲ್ಲಿ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಶುರುವಾದಾಗಿನಿಂದ ಈ ಊರು ತಲೆಮಾರುಗಟ್ಟಲೆ ಡೈ ಕೆಲಸಗಾರರನ್ನು ಕಂಡಿದೆ. ಹಾಳೆ ಕತ್ತರಿಸುವ ಪ್ರೆಸ್ ಟೂಲ್‌ಗೆ 60 ಎಚ್‌ಆರ್‌ಸಿ ಆಸುಪಾಸಿನ ಗಡಸುತನದ ಡಿ2 ಉಕ್ಕು ಸರಿಯಾದ ಆಯ್ಕೆಯೇ. ಆದರೆ ಕತ್ತರಿಸುವ ಡೈಗೆ ಒಪ್ಪುವ ಲೆಕ್ಕವನ್ನು, ಪೈಪ್ ಉಜ್ಜಿಕೊಂಡು ಸಾಗುವ ಡೈಗೆ ಹಾಗೇ ಹಚ್ಚಲಾಗದು.

ಸ್ಟೇನ್‌ಲೆಸ್ ಪೈಪಿಗೆ ತುಕ್ಕು ಹಿಡಿಯದಿರಲು ಕಾರಣ ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡ್ ಪೊರೆ. ದಪ್ಪ ಕೆಲವೇ ನ್ಯಾನೋಮೀಟರ್. ಬಾಗುವಾಗಿನ ಒತ್ತಡಕ್ಕೆ ಆ ಪೊರೆ ಹರಿದರೆ ಕೆಳಗಿನ ಹಸಿ ಲೋಹ ಡೈ ಉಕ್ಕಿಗೆ ನೇರವಾಗಿ ತಾಗುತ್ತದೆ. ಉಕ್ಕಿಗೆ ಉಕ್ಕು, ಒಂದೇ ಜಾತಿ. ಬೆಂಕಿಯಿಲ್ಲದೆಯೇ ಎರಡೂ ಅಲ್ಲಲ್ಲಿ ಬೆಸೆದುಕೊಳ್ಳುತ್ತವೆ, ಪೈಪ್ ಮುಂದೆ ಸರಿದಾಗ ಅದರ ಚೂರು ಕಿತ್ತು ಡೈಗೆ ಅಂಟಿ ಉಳಿಯುತ್ತದೆ. ಇದೇ ಗಾಲಿಂಗ್. ಅಂಟಿದ ಚೂರು ಉಜ್ಜಿ ಉಜ್ಜಿ ಗಟ್ಟಿಯಾಗಿ, ಮುಂದಿನ ಪೈಪನ್ನು ಗೀರಲು ತೊಡಗುತ್ತದೆ.

ಇದನ್ನು ಗುರುತಿಸುವುದು ಕಷ್ಟವಲ್ಲ. ಮೆಷಿನ್ ನಿಲ್ಲಿಸಿ, ಡೈ ಒರೆಸಿ, ಗೀರಿಗೆ ಅಡ್ಡಲಾಗಿ ಉಗುರು ಓಡಿಸಿದರೆ ಸವೆದ ಜಾಗದಲ್ಲಿ ಅದು ತಗ್ಗಿಗೆ ಇಳಿಯುತ್ತದೆ. ಅಂಟಿದ ಜಾಗದಲ್ಲಿ ಉಬ್ಬಿಗೆ ತಡೆಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಆ ಉಬ್ಬು ಪೈಪಿನದೇ ಬೆಳ್ಳಿಬಣ್ಣದಲ್ಲಿ ಹೊಳೆಯುತ್ತದೆ. ಡೈಯಿಂದ ಏನೂ ಹೋಗಿಲ್ಲ, ಡೈಗೆ ಬಂದು ಸೇರಿದೆ. ಹೀಗಿರುವಾಗ ಇನ್ನಷ್ಟು ಗಡಸು ಮಾಡಿಸುವುದು ದುಡ್ಡು ದಂಡ.

ಪರಿಹಾರ ನಂಬಿಕೆಗೆ ತೀರಾ ವಿರುದ್ಧವಾದದ್ದು. ಒಳಬಾಗಿನಲ್ಲಿ ನೆರಿಗೆ ಬೀಳದಂತೆ ತಡೆಯುವ ವೈಪರ್ ಡೈ ಮತ್ತು ಪೈಪಿನೊಳಗೆ ಕೂರುವ ಮ್ಯಾಂಡ್ರಿಲ್, ಇವೆರಡೇ ಅತಿ ಹೆಚ್ಚು ಉಜ್ಜಿಸಿಕೊಳ್ಳುವ ಭಾಗಗಳು. ಸ್ಟೇನ್‌ಲೆಸ್ ಕೆಲಸಕ್ಕೆ ಇವನ್ನು ಉಕ್ಕಿಗಿಂತ ಮೆತ್ತಗಿನ ಅಲ್ಯುಮಿನಿಯಂ ಬ್ರಾಂಜ್‌ನಲ್ಲಿ ಮಾಡುತ್ತಾರೆ. ಜಾತಿ ಬೇರೆಯಾದ್ದರಿಂದ ಬೆಸುಗೆ ಸುಲಭವಾಗಿ ಕೂಡದು. ಎಂಎಸ್ (ಮೈಲ್ಡ್ ಸ್ಟೀಲ್) ಪೈಪಿಗಾದರೆ ಕ್ರೋಮ್ ಹಾಕಿದ ಗಡಸು ಉಕ್ಕೇ ಸರಿ.

ಎಣ್ಣೆ ಸುರಿದಷ್ಟೂ ಒಳ್ಳೆಯದು ಎಂಬುದು ಇನ್ನೊಂದು ಮಾತು. ಮುಖ್ಯವಾದದ್ದು ಪ್ರಮಾಣವಲ್ಲ, ಎಂಥ ಎಣ್ಣೆ ಮತ್ತು ಎಲ್ಲಿಗೆ ಎಂಬುದು. ಸಾಮಾನ್ಯ ಹೈಡ್ರಾಲಿಕ್ ಎಣ್ಣೆ ಆ ಒತ್ತಡಕ್ಕೆ ಹಿಂಡಿಹೋಗುತ್ತದೆ. ಬೆಂಡಿಂಗ್‌ಗೆಂದೇ ಬರುವ ಅತಿ ಒತ್ತಡದ ಲೂಬ್ರಿಕೆಂಟ್ ಬೇಕು. ಅದು ವೈಪರ್‌ಗೂ ಮ್ಯಾಂಡ್ರಿಲ್‌ಗೂ ತಲುಪಬೇಕು. ಕ್ಲ್ಯಾಂಪ್ ಮಾತ್ರ ಒಣಗಿರಬೇಕು. ಅಲ್ಲಿ ಎಣ್ಣೆ ಸೇರಿದರೆ ಹಿಡಿತ ಜಾರಿ, ಪೈಪಿನ ಮೇಲೂ ಕ್ಲ್ಯಾಂಪಿನ ಮೇಲೂ ಉಜ್ಜಿದ ಗುರುತು ಬೀಳುತ್ತದೆ.

ಜಾರಿದಾಗ ನೆರಿಗೆ ಬರುತ್ತದೆ, ನೆರಿಗೆ ಬಂದೊಡನೆ ಆಪರೇಟರ್, ಪೈಪನ್ನು ಹೊರಗಿನಿಂದ ಒತ್ತಿಹಿಡಿಯುವ ಪ್ರೆಶರ್ ಡೈ ಬಿಗಿ ಮಾಡುತ್ತಾನೆ. ಡೈಗಳು ಹೆಚ್ಚು ಹಾಳಾಗುವುದು ಇಲ್ಲೇ. ಒತ್ತಡ ಏರಿದಂತೆ ವೈಪರ್ ತುದಿಯಲ್ಲಿ ಘರ್ಷಣೆ ಏರುತ್ತದೆ, ಪೈಪಿನ ಹೊರಗೋಡೆ ತೆಳುವಾಗುತ್ತದೆ, ಕ್ಲ್ಯಾಂಪ್ ಇನ್ನಷ್ಟು ಜಾರುತ್ತದೆ. ಮೊದಲು ನೋಡಬೇಕಾದದ್ದು ಬಾಗು ಶುರುವಾಗುವ ಗೆರೆಗೆ ವೈಪರ್ ತುದಿ ಎಷ್ಟು ಹತ್ತಿರವಿದೆ, ಮ್ಯಾಂಡ್ರಿಲ್ ಎಷ್ಟು ಮುಂದಿದೆ ಎಂಬುದನ್ನು. ಇವೆರಡೂ ಸರಿಯಿದ್ದರೆ ಒತ್ತಡವನ್ನು ಇಳಿಸಿ ಕೆಲಸ ಮಾಡಬಹುದು.

ಇನ್ನು ಕಸ. ಕಟಿಂಗ್ ಆದ ಪೈಪಿನ ತುದಿಯಲ್ಲಿ ಉಳಿದ ಚೂಪು ಅಂಚು (ಬರ್), ಒಳಗುಳಿದ ಲೋಹದ ಪುಡಿ, ವೆಲ್ಡ್ ಸಾಲಿನ ಒರಟು ಉಬ್ಬು, ಇವು ಎಷ್ಟು ಒಳ್ಳೆಯ ಡೈಯನ್ನಾದರೂ ಗೀರುತ್ತವೆ. ಬರ್ ತೆಗೆದು ಪೈಪಿನ ಒಳಹೊರಗು ಒರೆಸುವುದಕ್ಕೆ ಹಿಡಿಯುವ ಸಮಯ ಹೊಸ ವೈಪರ್ ಕೂರಿಸಿ ಸೆಟ್ಟಿಂಗ್ ಮಾಡುವ ಸಮಯದ ಮುಂದೆ ಏನೂ ಅಲ್ಲ.

ಗೀರು ಬಿದ್ದ ಡೈಗೆ ಎಮರಿ ಪೇಪರ್ ತಿಕ್ಕಿದರೆ ಸಾಕು ಎನ್ನುವುದೂ ಅರ್ಧ ಸತ್ಯ. ಅಡ್ಡಡ್ಡ ತಿಕ್ಕಿದಾಗ ಬೀಳುವ ಸಣ್ಣ ಗೆರೆಗಳಲ್ಲೇ ಮುಂದಿನ ಚೂರು ಸಿಕ್ಕಿಕೊಳ್ಳುತ್ತದೆ. ನಯವಾದ ಆಯಿಲ್ ಸ್ಟೋನ್‌ನಿಂದ ಉಬ್ಬನ್ನಷ್ಟೇ ಇಳಿಸಿ, ಪೈಪ್ ಸಾಗುವ ದಿಕ್ಕಿನಲ್ಲೇ ಪಾಲಿಶ್ ಮಾಡಬೇಕು.

ಎಂಎಸ್ ಪೈಪ್ ಬಗ್ಗಿಸಿದ ಸೆಟ್‌ನಲ್ಲೇ ಸ್ಟೇನ್‌ಲೆಸ್ ಪೈಪನ್ನೂ ಬಗ್ಗಿಸಿದರೆ ತೊಂದರೆಯಿಲ್ಲ ಎಂಬ ನಂಬಿಕೆಗೆ ಬೆಲೆ ತೆರುವವರು ಗಿರಾಕಿಗಳು. ಡೈ ಮೇಲೆ ಉಳಿದ ಕಬ್ಬಿಣದ ಕಣ ಸ್ಟೇನ್‌ಲೆಸ್ ಮೈಗೆ ಒತ್ತಿಕೊಂಡು, ಮಳೆ ಬಿದ್ದ ಮೇಲೆ ರೇಲಿಂಗ್ ಬಾಗಿನಲ್ಲಿ ತುಕ್ಕಿನ ಚುಕ್ಕೆಯಾಗುತ್ತದೆ. ಆಗ ‘ಇದು 304 ಅಲ್ಲ’ ಎಂದು ಪೈಪ್ ಕೊಟ್ಟವನ ಜೊತೆ ಜಗಳ. ಪೈಪ್ 304 ದರ್ಜೆಯ ಸ್ಟೇನ್‌ಲೆಸ್ಸಿನದ್ದೇ ಇರಬಹುದು. ಪಿಕ್ಲಿಂಗ್ ಪೇಸ್ಟ್ ಹಚ್ಚಿ ತೊಳೆದ ಮೇಲೆ ಚುಕ್ಕೆ ಮತ್ತೆ ಬರದಿದ್ದರೆ, ಕಬ್ಬಿಣ ಹತ್ತಿದ್ದು ಹೊರಗಿನಿಂದ ಎಂದೇ ಅರ್ಥ.