ಎರಡು ಚಿತ್ರಕ್ಕೆ ಒಂದೇ ಹಿನ್ನೆಲೆ



ಮನೆಯಲ್ಲಿ ಕಂಪ್ಯೂಟರ್ ಬಲ್ಲವರು ನೀವು. ಆದ್ದರಿಂದ ಇಂಥದೊಂದು ಕೆಲಸ ಎಂದಾದರೊಮ್ಮೆ ನಿಮ್ಮ ಪಾಲಿಗೆ ಬಂದೇ ಬರುತ್ತದೆ. ಅಜ್ಜ ಅಜ್ಜಿ ಜೊತೆಯಾಗಿ ಕುಳಿತು ತೆಗೆಸಿಕೊಂಡ ಫೋಟೋ ಊರಿನ ಮನೆಯಲ್ಲೂ ಇಲ್ಲ, ಇಲ್ಲಿಯೂ ಇಲ್ಲ. ಅಜ್ಜನದು ಬೇರೆ, ಅಜ್ಜಿಯದು ಬೇರೆ. "ಎರಡನ್ನೂ ಸೇರಿಸಿ ಒಂದು ಮಾಡಿಕೊಡು ಮಗಾ, ಕಟ್ಟು ಹಾಕಿಸೋಣ" ಎಂದು ದೊಡ್ಡಮ್ಮ ಕೇಳುತ್ತಾರೆ. ನೀವು ಸ್ಕ್ಯಾನ್ ಮಾಡಿ, ಕತ್ತರಿಸಿ, ಪಕ್ಕಪಕ್ಕದಲ್ಲಿ ಇಡುತ್ತೀರಿ. ಅಜ್ಜನ ಹಿಂದೆ ನೀಲಿ ಬೆರೆತ ಬೂದು, ಅಜ್ಜಿಯ ಹಿಂದೆ ಹಳದಿ ಬೆರೆತ ಬೂದು! ನಡುವೆ ಗೋಡೆ ಎದ್ದಂತೆ ಕಾಣುತ್ತದೆ. ಆ ಗೋಡೆಯನ್ನು ಕೆಡಹುವುದು ಹೇಗೆ?

ಕಣ್ಣಿಗಿಂತ ಅಂಕಿ ಮೇಲು

ಮೊದಲನೆಯ ಮಾತು: ಬಣ್ಣದ ವಿಷಯದಲ್ಲಿ ಕಣ್ಣನ್ನು ಪೂರ್ತಿ ನಂಬಬಾರದು. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್ ಬಳಿ, ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂತು. ಪರೀಕ್ಷಿಸಿದರೆ ನೂಲಿನಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿದ್ದ ಬಣ್ಣವೇ ಅದನ್ನು ಹಾಗೆ ಕಾಣಿಸುತ್ತಿತ್ತು. ಈ ಕುರಿತ ಅವನ ಗ್ರಂಥ 1839ರಲ್ಲಿ ಹೊರಬಂತು. ನಿಮ್ಮ ತೆರೆಯ ಮೇಲೂ ಇದೇ ಆಟ ನಡೆಯುತ್ತದೆ. ಕೆಂಪು ಸೀರೆಯ ಪಕ್ಕದ ಬೂದು, ಬಿಳಿ ಜುಬ್ಬದ ಪಕ್ಕದ ಬೂದು ಒಂದೇ ಆದರೂ ಬೇರೆಯಾಗಿ ಕಾಣುತ್ತವೆ.

ಆದ್ದರಿಂದ ತಂತ್ರಾಂಶದ ಐಡ್ರಾಪರ್ ಉಪಕರಣವನ್ನು ಹಿನ್ನೆಲೆಯ ಮೇಲಿಟ್ಟು ಅಂಕಿಗಳನ್ನು ಓದಿ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 0ರಿಂದ 255ರವರೆಗೆ ಅಂಕಿ ಇರುತ್ತದೆ. ಒಂದೇ ಚುಕ್ಕೆಯನ್ನು ಅಳೆಯದೆ ಸುತ್ತಲಿನ ಚುಕ್ಕೆಗಳ ಸರಾಸರಿ ತೆಗೆಯುವಂತೆ ಹೊಂದಿಸಿಕೊಳ್ಳಿ. ಹಳೆಯ ಫೋಟೋದಲ್ಲಿ ಧೂಳಿನ ಕಣವೊಂದು ಲೆಕ್ಕ ಕೆಡಿಸಬಲ್ಲದು.

ಬೆಳಕಿನ ತಪ್ಪೋ, ಗೋಡೆಯ ಬಣ್ಣವೋ?

ಇದೇ ಇಡೀ ಕೆಲಸದ ಕೀಲಿಕೈ. ಅಜ್ಜನ ಪಂಚೆ, ಅಜ್ಜಿಯ ನರೆಗೂದಲು ಹೀಗೆ ಬೆಳ್ಳಗಿರಬೇಕಾದ ಏನಾದರೊಂದನ್ನು ಹುಡುಕಿ. ಅದೂ ಹಳದಿಯಾಗಿದ್ದರೆ ತಪ್ಪು ಬೆಳಕಿನದು, ಇಲ್ಲವೇ ಫೋಟೋ ಮಾಸಿದೆ. ಹಳೆಯ ಬಲ್ಬಿನ ಬೆಳಕು ಹಳದಿ, ನೆರಳಿನಲ್ಲಿ ಬೀಳುವ ಹಗಲ ಬೆಳಕು ನೀಲಿ. ಆಗ ಇಡೀ ಚಿತ್ರವನ್ನೇ ತಿದ್ದಬೇಕು. ಬಿಳಿ ಸರಿಹೋದರೆ ಹಿನ್ನೆಲೆ ಬಹುಪಾಲು ತಾನೇ ಸರಿಹೋಗುತ್ತದೆ.

ಪಂಚೆ ಬೆಳ್ಳಗೇ ಇದ್ದು ಹಿಂದಿನದು ಮಾತ್ರ ಬೇರೆಯಾಗಿದ್ದರೆ, ಸ್ಟುಡಿಯೋದ ಪರದೆಯೇ ಬೇರೆ ಎಂದರ್ಥ. ಆಗ ಲೇಯರ್ ಮಾಸ್ಕ್ ಹಾಕಿ ಹಿನ್ನೆಲೆಯನ್ನಷ್ಟೇ ತಿದ್ದಿ. ಮುಖ ಮುಟ್ಟಬೇಡಿ.

ತಿದ್ದಲು ಕರ್ವ್ಸ್ ಸಾಕು. ಅಜ್ಜನ ಹಿನ್ನೆಲೆ 165, 170, 178 ಇದೆ, ಅಜ್ಜಿಯದು 190, 172, 148 ಇದೆ ಎನ್ನೋಣ. ಅಜ್ಜಿಯ ಚಿತ್ರದ ಕೆಂಪು ಗೆರೆಯಲ್ಲಿ 190ನ್ನು 165ಕ್ಕೆ ಇಳಿಸಿ, ಹಸಿರಿನಲ್ಲಿ 172ನ್ನು 170ಕ್ಕೆ ತನ್ನಿ, ನೀಲಿಯಲ್ಲಿ 148ನ್ನು 178ಕ್ಕೆ ಏರಿಸಿ. ಮೇಲೆ, ಭುಜದ ಬಳಿ, ಜೋಡಣೆಯ ಅಂಚಿನಲ್ಲಿ ಹೀಗೆ ಮೂರು ಕಡೆ ಅಳೆದು ನೋಡಿ. ಪರದೆಯ ಮೇಲೆ ಬೆಳಕು ಎಲ್ಲ ಕಡೆ ಸಮನಾಗಿ ಬೀಳುವುದಿಲ್ಲ. ಕೊನೆಗೆ ನುಣುಪಾಗಿರುವ ಕಡೆ ತುಸು ನಾಯ್ಸ್ ಸೇರಿಸಿ. ಬಣ್ಣ ಹೊಂದಿದರೂ ತರಿ ಹೊಂದದಿದ್ದರೆ ತೇಪೆ ಕಾಣುತ್ತದೆ.

ಫೋಟೋಶಾಪ್‌ನಲ್ಲಿ 2003ರಿಂದ ಮ್ಯಾಚ್ ಕಲರ್ ಎಂಬ ಸೌಲಭ್ಯವಿದೆ. ಎರಡೂ ಚಿತ್ರಗಳಲ್ಲಿ ಹಿನ್ನೆಲೆಯನ್ನಷ್ಟೇ ಆರಿಸಿಕೊಂಡು ಅದನ್ನು ಬಳಸಿ. ಇಲ್ಲದಿದ್ದರೆ ಸೀರೆಯ ಕೆಂಪೂ ಲೆಕ್ಕಕ್ಕೆ ಸೇರಿ ಎಲ್ಲವನ್ನೂ ಎಳೆದಾಡುತ್ತದೆ. ಹಣ ಕೊಡದೆ ಸಿಗುವ ಗಿಂಪ್‌ನಲ್ಲೂ ಕರ್ವ್ಸ್, ಮಾಸ್ಕ್ ಎರಡೂ ಇವೆ. ಎರಡೂ ಕಪ್ಪು ಬಿಳುಪು ಚಿತ್ರಗಳಾದರೆ ಮೊದಲು ಗ್ರೇಸ್ಕೇಲ್ ಮಾಡಿಬಿಡಿ. ಕಾಗದದ ಹಳದಿ ಹೋಗಿ, ಹೊಂದಿಸಲು ಬರೀ ಬೆಳಕು ನೆರಳು ಉಳಿಯುತ್ತದೆ.

ಅಂಕಿ ಹೇಳದ ಮಾತು

ಆದರೆ ಸೀರೆಯ ನಿಜವಾದ ಬಣ್ಣ ಯಾವುದು? ಮಾಸಿದ ಫೋಟೋ ಅದನ್ನು ಹೇಳಲಾರದು. ಅಜ್ಜಿ ಇದ್ದರೆ ಅವರನ್ನೇ ಕೇಳಿ, ಇಲ್ಲವೇ ದೊಡ್ಡಮ್ಮನನ್ನು ಕೇಳಿ. ಅವರು ಬರೀ ಹಸಿರು ಎನ್ನುವುದಿಲ್ಲ, ಗಿಳಿಹಸಿರು ಎನ್ನುತ್ತಾರೆ. ಹಳದಿ ಎನ್ನುವುದಿಲ್ಲ, ಅರಿಸಿನ ಎನ್ನುತ್ತಾರೆ. ಆ ಸೀರೆ ಯಾರು ಕೊಡಿಸಿದ್ದು, ಯಾವ ಮದುವೆಗೆ ಉಟ್ಟದ್ದು ಎಂಬುದೂ ಜೊತೆಗೇ ಬರುತ್ತದೆ. ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಇನ್ನು ಕೆಲವು ವರ್ಷ ಕಳೆದರೆ ಕೇಳಲು ಯಾರೂ ಇರುವುದಿಲ್ಲ.

ಮತ್ತೊಂದು ಮಾತು. ನೀವು ಚೆನ್ನಾಗಿ ಹೊಂದಿಸಿದಷ್ಟೂ ನೋಡುವವರು ಅದನ್ನು ನಿಜವೆಂದೇ ನಂಬುತ್ತಾರೆ. ಮುಂದೆ ನಿಮ್ಮ ಮಕ್ಕಳು, ಅವರಿಬ್ಬರೂ ಒಂದೇ ದಿನ ಒಂದೇ ಸ್ಟುಡಿಯೋದಲ್ಲಿ ಕುಳಿತಿದ್ದರು ಎಂದುಕೊಂಡಾರು. ಆದ್ದರಿಂದ ಮೂಲ ಸ್ಕ್ಯಾನ್‌ಗಳನ್ನು ತಿದ್ದದೆ ಬೇರೆಯಾಗಿ ಇಡಿ. ಕಟ್ಟು ಹಾಕಿಸುವ ಮೊದಲು ಹಿಂಬದಿಯಲ್ಲಿ ಇಬ್ಬರ ಹೆಸರು, ಊರು, ಗೊತ್ತಿದ್ದರೆ ಇಸವಿ ಬರೆದು, "ಎರಡು ಚಿತ್ರಗಳನ್ನು ಜೋಡಿಸಿದ್ದು" ಎಂದು ಕನ್ನಡದಲ್ಲಿ, ನಿಮ್ಮ ಕೈಯಾರೆ ಬರೆಯಿರಿ.